ಮುನ್ನೂರೈವತ್ತು ರಿಯಾಲಿನ ತಾಯಿ

ದಮಾಮಿನಿಂದ ಮಂಗಳೂರಿಗೆ ಒಂದು ಹೆಣ ಮುಟ್ಟಿಸಲು, ಎಲ್ಲ ಸರಿಯಾಗಿ ನಡೆದರೆ, ಆರೂವರೆ ಸಾವಿರ ರಿಯಾಲು ಬೀಳುತ್ತದೆ. ಕೆಡದ ಹಾಗೆ ಮದ್ದು ತುಂಬಿಸುವುದಕ್ಕೆ ಮೂರು ಸಾವಿರ, ಪೆಟ್ಟಿಗೆಗೆ ಎಂಟುನೂರು, ವಿಮಾನದವರಿಗೆ ಕಿಲೋ ಲೆಕ್ಕದಲ್ಲಿ ಎರಡು ಸಾವಿರ, ಉಳಿದದ್ದು ಆಂಬುಲೆನ್ಸಿಗೆ, ತರ್ಜುಮೆಗೆ, ಮುದ್ರೆಗೆ. ಬದುಕಿರುವವರ ಕಾಗದ ಇದಕ್ಕಿಂತ ಅಗ್ಗ. ಹೆಂಡತಿಯ ವಿಸಿಟ್ ವೀಸಾದ ಅರ್ಜಿಗೆ ಐವತ್ತು, ಬಾಡಿಗೆ ಕರಾರಿಗೆ ನೂರು. ಇಲ್ಲದ ತಾಯಿಯೊಬ್ಬಳನ್ನು ಮಾಡಿಕೊಟ್ಟದ್ದಕ್ಕೆ ಕಲಂದರ್ ಹನ್ನೊಂದು ವರ್ಷದ ಹಿಂದೆ ತೆಗೆದುಕೊಂಡದ್ದು ಮುನ್ನೂರೈವತ್ತು ರಿಯಾಲು. ಆಗ ಅದು ಸ್ವಲ್ಪ ಹೆಚ್ಚೇ ಆಯಿತೆಂದು ಅವನಿಗೆ ಅನಿಸಿತ್ತು.

ಕಲಂದರ್ ದೇರಳಕಟ್ಟೆಯವನು. ಜುಬೈಲಿಗೆ ಬಂದು ಮೂವತ್ತೊಂದು ವರ್ಷ. ಪೇಟೆಯಲ್ಲಿ ಹಣ ಕಳಿಸುವ ಅಂಗಡಿಯ ಪಕ್ಕ, ತನಗೆ ಜಾಮೀನು ನಿಂತ ಅರಬಿ ಕಫೀಲನ ಹೆಸರಿನಲ್ಲಿರುವ ಎಂಟಡಿ ಅಗಲದ ಟೈಪಿಂಗ್ ಕೋಣೆಯಲ್ಲಿ ಅವನ ವ್ಯಾಪಾರ. ಓದಿದ್ದು ಎಂಟನೇ ಕ್ಲಾಸು. ಆದರೆ ಯಾವ ಗುಮಾಸ್ತ ಚಹಾ ಕುಡಿದ ಮೇಲೆ ಒಳ್ಳೆಯವನಾಗುತ್ತಾನೆ, ಯಾವ ಕೌಂಟರಿಗೆ ನೀಲಿ ಶಾಯಿ ಆಗುವುದಿಲ್ಲ ಎಂಬುದೆಲ್ಲ ಬಾಯಿಪಾಠ. ಕಂಪೆನಿ ಬಸ್ಸಿನಲ್ಲಿ ಬರುವ ಕ್ಯಾಂಪಿನವರಿಂದ ಹಿಡಿದು ಆಸ್ಪತ್ರೆಯ ನರ್ಸುಗಳ ತನಕ ನಮ್ಮ ಕರಾವಳಿಯ ಅರ್ಧ ಜನ ಅವನ ಗಿರಾಕಿಗಳು. ಸತ್ತವರ ಕೆಲಸಕ್ಕೆ ಮಾತ್ರ ಅವನು ಖರ್ಚಿನ ಮೇಲೆ ಒಂದು ಪೈಸೆ ಮುಟ್ಟುತ್ತಿರಲಿಲ್ಲ.

ಹನ್ನೊಂದು ವರ್ಷದ ಹಿಂದೆ ಒಂದು ಸಂಜೆ ಇಬ್ಬರು ಬಂದರು. ಒಬ್ಬ ಕ್ರಿಸ್ಟೋಫರ್ ಡೇಸಾ, ಶಿರ್ವ ಮೂಲದವನು. ಚಿಕ್ಕಂದಿನಲ್ಲೇ ಅಪ್ಪನ ಜೊತೆ ಅಮೆರಿಕಕ್ಕೆ ಹೋಗಿ, ಅಲ್ಲಿಯ ನೌಕಾಪಡೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದು ನಿವೃತ್ತನಾಗಿ, ಹಡಗಿನ ಯಂತ್ರದ ಕೆಲಸ ಕಲಿಸಲು ಜುಬೈಲಿಗೆ ಬಂದಿದ್ದ. ಇನ್ನೊಬ್ಬ ಸೆಬಾಸ್ಟಿಯನ್ ಲೋಬೊ, ಮಂಗಳೂರು ಬಿಜೈಯವನು, ಖಾಸಗಿ ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ತೆಗೆಯುವವನು. ಇಬ್ಬರಿಗೂ ಸೇರಿ ಒಂದು ಮನೆ ಬೇಕಿತ್ತು. ನೋಡಿದ ಮನೆ ಸಂಸಾರಸ್ಥರ ಕಟ್ಟಡದಲ್ಲಿತ್ತು. ಅಂಥ ಕಡೆ ಒಂಟಿ ಗಂಡಸರನ್ನು ಮೆಟ್ಟಿಲು ಹತ್ತಲೂ ಬಿಡುವುದಿಲ್ಲ.

ಕಲಂದರ್ ಅರ್ಜಿ ತೆಗೆದ. ಕ್ರಿಸ್ಟೋಫರನ ಹುಟ್ಟಿದ ದಿನ ಕೇಳಿದರೆ ಸೆಬಾಸ್ಟಿಯನ್ ಹೇಳಿದ. ಸೆಬಾಸ್ಟಿಯನ್ನನದು ಕೇಳಿದರೆ ಕ್ರಿಸ್ಟೋಫರ್ ಹೇಳಿದ. ಕಲಂದರ್ ತಲೆ ಎತ್ತಿ ಇಬ್ಬರನ್ನೂ ಒಮ್ಮೆ ನೋಡಿದ. ಸಾವಿರ ಗಂಡ ಹೆಂಡಿರ ಅರ್ಜಿ ತುಂಬಿಸಿದವನಿಗೆ ಅಷ್ಟು ಸಾಕಾಗಿತ್ತು.

“ಅಣ್ಣ ತಮ್ಮ ಅಂತ ಬರೆಯುವ,” ಎಂದ.

“ಅಡ್ಡಹೆಸರು ಬೇರೆ ಬೇರೆ ಉಂಟಲ್ಲ ಕಲಂದರಾಕ?” ಎಂದ ಸೆಬಾಸ್ಟಿಯನ್.

“ಅಪ್ಪ ಬೇರೆ, ತಾಯಿ ಒಬ್ಬಳೇ. ಎರಡು ಮದುವೆ ಆದವಳು. ಆಕೆ ಸದ್ಯದಲ್ಲೇ ವಿಸಿಟ್ ವೀಸಾದಲ್ಲಿ ಬಂದು ಮಕ್ಕಳ ಒಟ್ಟಿಗೆ ನಿಲ್ತಾಳೆ ಅಂದ್ರೆ ಯಜಮಾನ ಮಾತಾಡದೆ ಬೀಗದಕೈ ಕೊಡ್ತಾನೆ. ಅರಬಿಗಳಿಗೆ ತಾಯಿ ಅಂದ್ರೆ ಎರಡನೇ ಮಾತಿಲ್ಲ.”

“ತಾಯಿಯನ್ನು ಎಲ್ಲಿಂದ ತರುದು ಮಾರಾಯ್ರೇ?” ಎಂದು ಕ್ರಿಸ್ಟೋಫರ್ ನಕ್ಕ. ಇಬ್ಬರ ತಾಯಂದಿರೂ ತೀರಿಹೋಗಿದ್ದರು.

ತಾಯಿ ಕಲಂದರನ ಮೇಜಿನ ಖಾನೆಯಲ್ಲಿದ್ದಳು. ಮೂಡುಬೆಳ್ಳೆಯ ಗೆರ್ಟ್ರೂಡ್ ಬಾಯಿ. ಅವಳ ಒಬ್ಬನೇ ಮಗ ಜುಬೈಲಿನಲ್ಲಿ ಕೆಲಸದ ಜಾಗದಲ್ಲಿ ಎತ್ತರದಿಂದ ಬಿದ್ದು ನಾಲ್ಕು ತಿಂಗಳು ಆಸ್ಪತ್ರೆಯಲ್ಲಿದ್ದಾಗ, ಒಮ್ಮೆ ಬಂದು ಮುಖ ನೋಡುತ್ತೇನೆಂದು ವೀಸಾಕ್ಕೆ ಅರ್ಜಿ ಹಾಕಿಸಿದ್ದಳು. ಎರಡು ಸಲ ತಿರಸ್ಕಾರವಾಯಿತು. ಮೂರನೆಯದು ತುಂಬಿಸುವಷ್ಟರಲ್ಲಿ ಮಗ ಸತ್ತ. ಹೆಣ ಊರಿಗೆ ಕಳಿಸಿದವನು ಕಲಂದರನೇ. ಮೂರು ತಿಂಗಳಿಗೆ ತಾಯಿಯೂ ಹೋದಳೆಂದು ಸುದ್ದಿ ಬಂತು. ಅವಳ ಪಾಸ್‌ಪೋರ್ಟಿನ ಜೆರಾಕ್ಸು, ಎರಡು ಫೋಟೋ ಖಾನೆಯಲ್ಲಿ ಉಳಿದುಬಿಟ್ಟಿದ್ದವು.

ಸತ್ತವಳಿಗೆ ನಷ್ಟವಿಲ್ಲ, ಬದುಕಿದವರಿಗೆ ಉಪಕಾರ ಉಂಟು ಎಂದು ಲೆಕ್ಕ ಹಾಕಿದ ಕಲಂದರ್ ಅವಳ ಫೋಟೋ ಅಂಟಿಸಿ ಕುಟುಂಬ ಸಂಬಂಧದ ಪತ್ರ ಮಾಡಿದ. ಇವಳು ಈ ಇಬ್ಬರ ತಾಯಿ, ಮಕ್ಕಳ ಜೊತೆ ಹನ್ನೆರಡನೇ ನಂಬರಿನ ಮನೆಯಲ್ಲಿ ಇರತಕ್ಕವಳು ಎಂದು ಅರಬ್ಬಿಯಲ್ಲೂ ಇಂಗ್ಲಿಷಿನಲ್ಲೂ ಬರೆದು, ಒಂದಲ್ಲ ಎರಡು ಕಡೆ ಮುದ್ರೆ ಹಾಕಿಸಿಕೊಂಡು ಬಂದು ಕೊಟ್ಟ. ಮನೆ ಸಿಕ್ಕಿತು. ಆಮೇಲೆ ಪ್ರತಿ ರಂಜಾನಿಗೆ ಯಜಮಾನ ಖರ್ಜೂರದ ಡಬ್ಬ ಹಿಡಿದು ಬಂದು, “ನಿಮ್ಮ ಅಮ್ಮ ಇನ್ನೂ ಬರಲಿಲ್ಲವೇ?” ಎಂದು ಕೇಳುತ್ತಿದ್ದ. “ವೀಸಾ ಆಗಲಿಲ್ಲ,” ಎಂದು ಇವರು ಮುಖ ಸಣ್ಣ ಮಾಡುತ್ತಿದ್ದರು. ಅವನು ಹೋದ ಮೇಲೆ ಬಾಗಿಲು ಹಾಕಿಕೊಂಡು ನಗುತ್ತಿದ್ದರು.

ಈ ವರ್ಷದ ಮಾರ್ಚಿನಲ್ಲಿ ಕ್ರಿಸ್ಟೋಫರ್ ಸತ್ತ. ಯುದ್ಧದ ಕಾಲದಲ್ಲಿ ಪಾಳೆಯದ ಕಸ ಸುಡುವ ಗುಂಡಿಗಳ ಪಕ್ಕ ತಿಂಗಳುಗಟ್ಟಲೆ ಇದ್ದವನು. ಆಗ ಒಳಗೆ ಹೋದ ಹೊಗೆ ಇಪ್ಪತ್ತು ವರ್ಷ ಸುಮ್ಮನಿದ್ದು ಕೊನೆಗೆ ಶ್ವಾಸಕೋಶ ತಿಂದು ಮುಗಿಸಿತು. ಹೆಣ ಶಿರ್ವದ ಮಣ್ಣಿಗೇ ಹೋಗಬೇಕೆಂದು ಅವನೇ ಬರೆದಿಟ್ಟಿದ್ದ. ಕಲಂದರ್ ಕಳಿಸಿಕೊಟ್ಟ. ಜೊತೆಗೆ ಹೋಗುವವನ ಸಂಬಂಧ ಕೇಳುವ ಕಡೆ ‘ತಮ್ಮ’ ಎಂದು ತುಂಬಿಸಿದ. ಯಾರೂ ಏನೂ ಕೇಳಲಿಲ್ಲ.

ಜುಲೈ ತಿಂಗಳ ಒಂದು ಮಧ್ಯಾಹ್ನ, ಅಂಗಡಿಗಳೆಲ್ಲ ಬಾಗಿಲೆಳೆದುಕೊಂಡು, ಬೀದಿಯಲ್ಲಿ ಬಿಸಿಲು ಬಿಟ್ಟರೆ ಇನ್ಯಾರೂ ಇಲ್ಲದ ಹೊತ್ತಿನಲ್ಲಿ ಸೆಬಾಸ್ಟಿಯನ್ ಬಂದು ಗಾಜು ತಟ್ಟಿದ. ಕಣ್ಣಿನ ಕೆಳಗೆ ಕಪ್ಪು ಇಳಿದಿತ್ತು. ಕೈಯಲ್ಲಿ ಅಮೆರಿಕದ ಮಾಜಿ ಸೈನಿಕರ ಕಚೇರಿಯಿಂದ ಬಂದ ಪತ್ರವಿತ್ತು.

“ಬನ್ನಿ ಪೊರ್ಬುಗಳೇ,” ಎಂದ ಕಲಂದರ್, ಊರಲ್ಲಿ ಕ್ರೈಸ್ತರನ್ನು ಕರೆಯುವ ಹಾಗೆ. “ಎಂತ ಇದು, ಒಣಗಿದ ಬಂಗುಡೆಯ ಹಾಗೆ ಆಗಿದ್ದೀರಿ. ಊಟ ಮಾಡುದಿಲ್ವಾ?”

ಸೆಬಾಸ್ಟಿಯನ್ ನಗಲಿಲ್ಲ. ಬಾಗಿಲು ಸರಿಯಾಗಿ ಮುಚ್ಚಿದೆಯೇ ಎಂದು ನೋಡಿ ತಗ್ಗಿದ ದನಿಯಲ್ಲಿ ಹೇಳಿದ. ಕಳೆದ ವರ್ಷ ರಜೆಯಲ್ಲಿ ಅಮೆರಿಕಕ್ಕೆ ಹೋದಾಗ ತಾನೂ ಕ್ರಿಸ್ಟೋಫರನೂ ಮದುವೆಯಾಗಿದ್ದೇವೆ. ಅಲ್ಲಿ ಅದಕ್ಕೆ ಕಾನೂನು ಉಂಟು. ಸೇವೆಯಿಂದ ಬಂದ ಕಾಯಿಲೆಯಲ್ಲಿ ಸೈನಿಕ ಸತ್ತರೆ ಬಾಳಸಂಗಾತಿಗೆ ಮಾಸಾಶನ ಸಿಗುತ್ತದೆ. ಆದರೆ ಮದುವೆಯಾಗಿ ಒಂದು ವರ್ಷ ಆಗಿರಬೇಕು.

“ನಮ್ಮದು ಎಂಟೇ ತಿಂಗಳು. ಆದ್ರೆ ಈಗ ಅವರು ಹೊಸ ನಿಯಮ ಮಾಡಿದ್ದಾರೆ ಕಲಂದರಾಕ. ಗಂಡಿಗೆ ಗಂಡು ಮದುವೆ ಆಗ್ಲಿಕ್ಕೆ ಬಿಡದೆ ಇದ್ದ ಕಾಲದಲ್ಲಿ ಒಟ್ಟಿಗೆ ಸಂಸಾರ ಮಾಡಿದವರು ಎಂತ ಮಾಡುದು? ಅದಕ್ಕೆ ಒಟ್ಟಿಗೆ ಬಾಳಿದ ವರ್ಷಗಳನ್ನೂ ಹಿಡೀತೇವೆ, ಪುರಾವೆ ಕಳಿಸಿ ಅಂದ್ರು. ಎರಡು ತಿಂಗಳ ಹಿಂದೆ ನಾನು ಕಳಿಸಿದೆ.”

“ಎಂತ ಕಳಿಸಿದ್ರಿ?”

“ನಮ್ಮಿಬ್ಬರ ಹೆಸರೂ ಒಟ್ಟಿಗೆ ಇರುವ ಕಾಗದ ನನ್ನ ಹತ್ತಿರ ಒಂದೇ ಇದ್ದದ್ದು. ತಾರೀಕು ಉಂಟು, ಮುದ್ರೆ ಉಂಟು, ಹನ್ನೊಂದು ವರ್ಷ ಹಳೆಯದು...”

ಕಲಂದರ್ ಕುರ್ಚಿಯಿಂದ ಅರ್ಧ ಎದ್ದ. “ನನ್ನ ಪತ್ರವಾ? ಅಣ್ಣ ತಮ್ಮ ಅಂತ ಇರುವ ಪತ್ರವನ್ನು ಗಂಡ ಹೆಂಡತಿಯ ಲೆಕ್ಕಕ್ಕೆ ಕಳಿಸಿದ್ರಾ? ಯಾ ಅಲ್ಲಾಹ್! ಪೊರ್ಬುಗಳೇ, ಎಕ್ಸ್‌ರೇಯಲ್ಲಿ ಬೇರೆಯವರ ಎಲುಬು ನೋಡುವವರು, ಒಂದು ಕಾಗದ ಓದ್ಲಿಕ್ಕೆ ಆಗ್ಲಿಲ್ವಾ?”

“ನಾನು ಮುದ್ರೆ ಮಾತ್ರ ನೋಡಿದ್ದು.”

ಅಮೆರಿಕದವರ ಪತ್ರ ಸಣ್ಣದು, ಮರ್ಯಾದೆಯದೇ. ನೀವು ಕಳಿಸಿದ ದಾಖಲೆಯಲ್ಲಿ ಮೃತರು ನಿಮ್ಮ ಒಡಹುಟ್ಟಿದವರೆಂದೂ ಇಬ್ಬರ ತಾಯಿ ಗೆರ್ಟ್ರೂಡ್ ಎಂದೂ ಇದೆ. ಒಡಹುಟ್ಟಿದವರ ನಡುವಿನ ಮದುವೆ ಊರ್ಜಿತವಲ್ಲ. ದಾಖಲೆ ತಪ್ಪಾಗಿದ್ದರೆ ಅದನ್ನು ಮಾಡಿದವರೇ ಹೆಸರು, ಗುರುತಿನ ನಂಬರು ಸಮೇತ ಬರೆದುಕೊಡಬೇಕು. ಗಡುವಿಗೆ ಹನ್ನೆರಡು ದಿನ ಉಳಿದಿತ್ತು.

“ಅವನನ್ನು ಮೊದಲು ನೋಡಿದ್ದು ಹೇಗೆ ಅಂತ ಈ ತನಕ ಯಾರಿಗೂ ಹೇಳ್ಲಿಲ್ಲ,” ಎಂದ ಸೆಬಾಸ್ಟಿಯನ್. “ಕೆಮ್ಮು ಅಂತ ಎದೆಯ ಎಕ್ಸ್‌ರೇಗೆ ಬಂದಿದ್ದ. ಉಸಿರು ಹಿಡಿಯಿರಿ ಅಂದೆ. ಬಿಡಿ ಅಂತ ಹೇಳ್ಲಿಕ್ಕೆ ಮರೆತುಬಿಟ್ಟೆ. ಮುಖ ಕೆಂಪಾಗುವ ತನಕ ಹಿಡ್ಕೊಂಡೇ ನಿಂತಿದ್ದ, ಪಾಪ. ಮಿಲಿಟ್ರಿಯವನಲ್ವಾ, ಆರ್ಡರ್ ಇಲ್ಲದೆ ಬಿಡುದು ಹೇಗೆ ಅಂದ.”

ಕಲಂದರ್ ಹೊಟ್ಟೆ ತುಂಬ ನಕ್ಕ. ಆಮೇಲೆ ನಗು ನಿಲ್ಲಿಸಿ, “ನೋಡಿ, ನಮ್ಮ ದೀನಿನಲ್ಲಿ, ಧರ್ಮದಲ್ಲಿ ಇದಕ್ಕೆ ಜಾಗ ಇಲ್ಲ. ನಿಮ್ಮ ಇಗರ್ಜಿಯಲ್ಲೂ ಇಲ್ಲ. ಅದು ನಿಮಗೂ ಮೇಲಿರುವ ಪಡೆದವನಿಗೂ ಇರುವ ಲೆಕ್ಕ, ನಾನು ಮಧ್ಯೆ ಬರುದಿಲ್ಲ. ಆದ್ರೆ ದುಡ್ಡು ತಗೊಂಡು ಸುಳ್ಳು ಪತ್ರ ಮಾಡಿದೆ ಅಂತ ಇಕಾಮಾ ಕಾರ್ಡಿನ ನಂಬರ್ ಹಾಕಿ ಬರೆದುಕೊಟ್ರೆ ನಾನು ಒಳಗೆ ಹೋಗುದು. ನಿಮ್ಮ ವಿಷಯ ಹೊರಗೆ ಬಿದ್ರೆ ನೀವೂ ಒಳಗೆ. ಬಿಟ್ಟುಬಿಡಿ ಮಾರಾಯ್ರೇ. ಕೈಗೆ ಸಂಬಳ ಉಂಟಲ್ಲ,” ಎಂದ.

ಸೆಬಾಸ್ಟಿಯನ್ ಎದ್ದ. ಬಾಗಿಲ ಬಳಿ ನಿಂತು, “ದುಡ್ಡಿಗಾಗಿ ಮಾತ್ರ ಅಲ್ಲ,” ಎಂದ. “ನೀವು ಒಮ್ಮೆ ಮನೆಗೆ ಬನ್ನಿ. ಹಗಲಿಗೇ ಬನ್ನಿ.”

ಮೂರು ದಿನ ಕಲಂದರ್ ಹೋಗಲಿಲ್ಲ. ಶುಕ್ರವಾರ ಜುಮಾ ಮುಗಿಸಿ ಬರುವಾಗ ಮಾತ್ರ, ಸಮಾಧಾನ ಹೇಳಿ ಬರುವ ಎಂದು ಆ ಕಡೆ ತಿರುಗಿದ. ಗಾಳಿಯಲ್ಲಿ ಧೂಳು ತೂಗಿಕೊಂಡು ಸೂರ್ಯ ಹಾಲಿನ ಕಲೆಯಂತೆ ಕಾಣುತ್ತಿದ್ದ. ದೂರದ ಕಾರ್ಖಾನೆಗಳ ಚಿಮಣಿಯ ಬೆಂಕಿ ಆ ಬಿಳುಪಿನಲ್ಲಿ ಶಬ್ದವಿಲ್ಲದೆ ಅಲುಗುತ್ತಿತ್ತು. ಕಟ್ಟಡದ ಕೆಳಗೆ ಕಾವಲುಗಾರ ಹಂಝ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದ. ವಿಟ್ಲದವನು, ಕಲಂದರನಿಗೆ ಹಳೇ ಪರಿಚಯ.

“ಅಂತೂ ನಿಮ್ಮ ಕೈಗುಣ ಕಲಂದರಾಕ,” ಎಂದ ಹಂಝ. “ತಡ ಆದ್ರೂ ವೀಸಾ ಮಾಡಿಸಿಯೇ ಬಿಟ್ರಲ್ಲ.”

“ಯಾರ ವೀಸಾ?”

“ಅಣ್ಣ ತಮ್ಮಂದಿರ ತಾಯಿಯದ್ದು. ಬಂದು ಎರಡು ತಿಂಗಳಾಯ್ತು. ಪಾಪ, ದೊಡ್ಡ ಮಗ ಇರುವಾಗ ಬಂದಿದ್ರೆ ಎಷ್ಟು ಸಂತೋಷ ಆಗ್ತಿತ್ತು.”

ಕಲಂದರ್ ಮೆಟ್ಟಿಲಿಗೆ ಇಟ್ಟ ಕಾಲು ಅಲ್ಲೇ ನಿಂತಿತು. “ನೀನು ನೋಡಿದ್ದಾ?”

“ನೋಡಿದ್ದಾ ಅಂದ್ರೆ! ಬ್ಯಾಗು ಮೇಲೆ ಇಟ್ಟು ಬಂದದ್ದೇ ನಾನು. ಈ ಬಿಸಿಲಿನಲ್ಲಿ ಟ್ಯಾಕ್ಸಿ ಇಲ್ಲ, ಎಂತ ಇಲ್ಲ, ಗೇಟಿನಲ್ಲಿ ನಿಂತು ‘ಹನ್ನೆರಡು ನಂಬರ್ ಯಾವುದು ಮಗಾ’ ಅಂತ ಕನ್ನಡದಲ್ಲೇ ಕೇಳಿದ್ರು. ಬ್ಯಾಗಿನಲ್ಲಿ ಭಾರವೇ ಇರ್ಲಿಲ್ಲ ಕಲಂದರಾಕ. ಎರಡು ಕಾಗದ ಇಟ್ಟ ಹಾಗೆ.” ಹಂಝ ಗಲ್ಲ ಕೆರೆದುಕೊಂಡ. “ಒಂದು ವಿಷಯ. ಅವರ ಮುಖದ ಮಗ್ಗುಲು ಯಾವ ಕಡೆಯಿಂದಲೂ ಕಾಣುದಿಲ್ಲ. ಎಲ್ಲಿ ನಿಂತು ನೋಡಿದ್ರೂ ಮುಖ ನಮ್ಮ ಕಡೆಗೇ. ನನ್ನ ಕಣ್ಣಿಗೆ ಪೊರೆ ಬಂದಿದೆಯಾ ಅಂತ ತೋರಿಸಿಯೂ ಬಂದೆ. ಇಲ್ಲ ಅಂದ್ರು ಡಾಕ್ಟ್ರು.”

ಕಲಂದರ್ ಬಿಸ್ಮಿಲ್ಲಾ ಹೇಳಿ ಹತ್ತಿದ. ಜನ ಹೇಳುವುದರಲ್ಲಿ ಅರ್ಧ ಕಳೆದು ಉಳಿದದ್ದನ್ನು ನಂಬುವವನು ಅವನು. ಆದರೆ ಗೆರ್ಟ್ರೂಡ್ ಬಾಯಿಯನ್ನು ಹಂಝ ಎಂದೂ ನೋಡಿದವನಲ್ಲ, ಫೋಟೋ ಕೂಡ, ಆದರೂ ಎಲ್ಲಿಂದ ನೋಡಿದರೂ ಎದುರಿಗೇ ಇರುವ ಮುಖ ಫೋಟೋದ್ದೇ.

ಬಾಗಿಲು ತೆರೆದ ಸೆಬಾಸ್ಟಿಯನ್ ಮೂರು ದಿನದಲ್ಲಿ ಇನ್ನಷ್ಟು ಇಳಿದಿದ್ದ. ಒಳಗೆ, ಹೆಂಗಸರ ಸೀರೆಯ ಪೆಟ್ಟಿಗೆ ತೆರೆದರೆ ಬರುವ ಕರ್ಪೂರದ ಗುಳಿಗೆಯ ವಾಸನೆ. ಮೇಜಿನ ಮೇಲೆ ಮೂರು ಬಟ್ಟಲು ಮಗುಚಿ ಇಟ್ಟಿತ್ತು.

“ನನಗೆ ಕಾಣುದಿಲ್ಲ,” ಎಂದ ಸೆಬಾಸ್ಟಿಯನ್, ಕೇಳುವ ಮೊದಲೇ. “ಆದ್ರೆ ಉಂಟು. ಕೆಲಸ ಮುಗಿಸಿ ಬರುವಾಗ ಗಂಜಿ ಆಗಿರ್ತದೆ. ಇಲ್ಲಿ ಬನ್ನಿ.”

ಮಲಗುವ ಕೋಣೆಗೆ ಕರೆದೊಯ್ದ. ಒಂದಕ್ಕೊಂದು ತಾಗಿಸಿ ಇಟ್ಟಿದ್ದ ಎರಡು ಮಂಚಗಳು ಈಗ ಎದುರೆದುರು ಗೋಡೆಗೆ ಸೇರಿದ್ದವು. ದಿನಾ ಕೂಡಿಸಿ ಹೋಗುತ್ತಾನಂತೆ, ದಿನಾ ಬರುವಾಗ ಬೇರೆಯಾಗಿರುತ್ತವಂತೆ, ಮಕ್ಕಳಿಗೆ ಹಾಸಿದ ಹಾಗೆ ಹೊದಿಕೆ ಮಡಚಿಟ್ಟು. ಕಪಾಟಿನ ಒಳಬದಿಯಲ್ಲಿ ಅಮೆರಿಕದ ಮದುವೆಯ ಫೋಟೋ ಅಂಟಿಸಿತ್ತು.

“ಇದರಲ್ಲಿ ನಾವು ಕೈ ಹಿಡ್ಕೊಂಡು ನಿಂತದ್ದು ಕಲಂದರಾಕ. ದೇವರಾಣೆ.”

ಫೋಟೋದಲ್ಲಿ ಇಬ್ಬರ ನಡುವೆ ಒಬ್ಬರು ನಿಲ್ಲುವಷ್ಟು ಜಾಗವಿತ್ತು. ಕೈಗಳು ನೆಟ್ಟಗೆ ಕೆಳಗಿದ್ದವು. ಕಲಂದರ್ ಬಗ್ಗಿ ಮುಖಗಳನ್ನು ನೋಡಿದ. ಕ್ರಿಸ್ಟೋಫರನ ಮೂಗು ಗಿಡುಗನದು, ಸೆಬಾಸ್ಟಿಯನ್ನನದು ಮೊಂಡು. ಈಗ ಇಬ್ಬರದೂ ಒಂದೇ ಮೂಗು, ಒಂದೇ ಹುಬ್ಬು. ಯಾರು ನೋಡಿದರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರೆಂದು ಹೇಳುವಂತಿತ್ತು.

“ನನ್ನ ಮೂಗು ಹೀಗೆಯೇ ಇದ್ದದ್ದಾ?” ಸೆಬಾಸ್ಟಿಯನ್ ಕೇಳಿದ. “ಹೇಳಿ, ನೀವು ಮೊದಲಿಂದ ನೋಡಿದವರು. ನನಗೆ ನೆನಪಾಗುದಿಲ್ಲ. ನಿನ್ನೆ ಪಾತ್ರೆ ತೊಳೀತಾ ಇರುವಾಗ ಕ್ರಿಸ್ ನನ್ನನ್ನು ಹೆಗಲ ಮೇಲೆ ಕೂರಿಸಿ ಶಿರ್ವದ ಗದ್ದೆಬದಿಯಲ್ಲಿ ಶಾಲೆಗೆ ಹೊತ್ತುಕೊಂಡು ಹೋದದ್ದು ನೆನಪಾಯ್ತು. ಎಷ್ಟು ಸ್ಪಷ್ಟ ಅಂದ್ರೆ, ಅವನ ತಲೆಯ ಎಣ್ಣೆಯ ವಾಸನೆ ಕೂಡ. ಕಲಂದರಾಕ, ನಾನು ಬಿಜೈಯವನು. ಶಿರ್ವ ನೋಡಿದ್ದೇ ಅವನನ್ನು ಮಣ್ಣು ಮಾಡುವ ದಿನ.”

ಕಲಂದರ್ ಅವನ ತೋಳು ಹಿಡಿದು ಕೂರಿಸಿದ. “ಇರ್ಲಿ, ಇರ್ಲಿ. ಎಕ್ಸ್‌ರೇ ಕಥೆ ಹೇಳಿ ನೋಡುವ. ಮೊದಲು ಹೇಗೆ ಸಿಕ್ಕಿದ್ದು?”

ಸೆಬಾಸ್ಟಿಯನ್ ಬಾಯಿ ತೆರೆದ. “ಯಾವ ಎಕ್ಸ್‌ರೇ?” ಎಂದ.

ಹೊರಗೆ ಏಸಿ ಯಂತ್ರಗಳು ಒಂದೇ ಸಮನೆ ಗುಂಯ್ ಎನ್ನುತ್ತಿದ್ದವು. ಹೋಗುವುದು ಮಾಸಾಶನ ಒಂದೇ ಅಲ್ಲ ಎಂದು ಕಲಂದರನಿಗೆ ಆಗ ಅರ್ಥವಾಯಿತು. ಮುದ್ರೆ ಬಿದ್ದ ಕಾಗದ ತನ್ನ ಕೆಲಸ ಮಾಡುತ್ತಿತ್ತು. ಇಬ್ಬರನ್ನೂ ನಿಜವಾಗಿಯೇ ಅಣ್ಣತಮ್ಮಂದಿರನ್ನಾಗಿ ಮಾಡುತ್ತಿತ್ತು. ಇನ್ನು ಎಂಟೊಂಬತ್ತು ದಿನ ಹೋದರೆ, ಗಂಡನನ್ನು ಕಳೆದುಕೊಂಡೆ ಎಂದು ಅಳಲು ಕೂಡ ಇವನಿಗೆ ಏನೂ ಉಳಿಯುವುದಿಲ್ಲ. ಆ ಎಕ್ಸ್‌ರೇಯ ಕಥೆ ಈಗ ಭೂಮಿಯ ಮೇಲೆ ಒಬ್ಬನಿಗೆ ಮಾತ್ರ ಗೊತ್ತಿತ್ತು, ಅದೂ ಮೂರು ದಿನದ ಹಿಂದೆ ಕೇಳಿ ನಕ್ಕವನಿಗೆ.

ಅವನು ಎದ್ದು ಸಣ್ಣ ಕೋಣೆಯ ಕಡೆ ಹೋದ. ಬಾಗಿಲು ಅರ್ಧ ತೆರೆದಿತ್ತು.

ಗೆರ್ಟ್ರೂಡ್ ಬಾಯಿ ಮಂಚದ ಅಂಚಿನಲ್ಲಿ, ತೊಡೆಯ ಮೇಲೆ ಬ್ಯಾಗು ಇಟ್ಟುಕೊಂಡು, ಕಚೇರಿಯಲ್ಲಿ ಹೆಸರು ಕರೆಯಲು ಕಾಯುವವಳಂತೆ ಕುಳಿತಿದ್ದಳು. ಫೋಟೋದ ಅದೇ ಮುಖ, ಅದೇ ಸೀರೆ. ಎಡ ಭುಜದಿಂದ ಕತ್ತಿನ ತನಕ ನೀಲಿ ಮುದ್ರೆಯ ಅರ್ಧ ವೃತ್ತ ಬಿದ್ದಿತ್ತು. ಕಲಂದರ್ ಒಂದು ಹೆಜ್ಜೆ ಬಲಕ್ಕೆ ಸರಿದ. ಅವಳು ಕುಳಿತಲ್ಲೇ ಇದ್ದಳು, ಮುಖ ಮಾತ್ರ ಅವನಿಗೆ ನೇರವಾಗಿಯೇ ಇತ್ತು.

“ಬಂದ್ರಾ ಬ್ಯಾರಿಗಳೇ?” ಎಂದಳು. “ನಿಮ್ಮಿಂದ ದೊಡ್ಡ ಉಪಕಾರ ಆಯ್ತು.”

ಸತ್ತವರ ಮನೆಯವರ ಹತ್ತಿರ ಮಾತಾಡಿ ಅಭ್ಯಾಸವಿದ್ದ ಕಲಂದರ್ ಅದೇ ದನಿಯನ್ನು ಹುಡುಕಿಕೊಂಡ. “ಬಾಯಿ, ನಿಮ್ಮ ಪೇಪರ್ ಸರಿ ಇಲ್ಲ. ಅವರು ನಿಮ್ಮ ಮಕ್ಕಳಲ್ಲ. ಮನೆ ಸಿಗ್ಲಿಕ್ಕೆ ನಾನು ಸುಳ್ಳು ಬರೆದದ್ದು.”

“ಸುಳ್ಳಾದ್ರೆ ಮುದ್ರೆ ಹೇಗೆ ಬಿತ್ತು?”

ಕಲಂದರ್ ಅವಳ ಭುಜದ ಮೇಲಿನ ನೀಲಿ ಮುದ್ರೆಯನ್ನು ನೋಡಿದ.

“ನನ್ನ ಮಗನದ್ದು ಸತ್ಯ ಇತ್ತು,” ಎಂದಳು ಗೆರ್ಟ್ರೂಡ್ ಬಾಯಿ. ದನಿಯಲ್ಲಿ ಸಿಟ್ಟಿರಲಿಲ್ಲ. “ಎರಡು ಸಲ ಬರೆದಿರಿ. ಅದಕ್ಕೆ ಮುದ್ರೆ ಬೀಳ್ಲಿಲ್ಲ. ಇದಕ್ಕೆ ಎರಡು ಕಡೆ ಬಿದ್ದಿದೆ. ಹಾಗಾದ್ರೆ ನಾನು ಯಾವುದನ್ನು ನಂಬುದು ಹೇಳಿ.”

“ನಿಮ್ಮ ಮಗನಿಗೆ ನಾನು ಮಾಡಿದ್ದು ಸಾಕಾಗ್ಲಿಲ್ಲ ಬಾಯಿ. ಒಪ್ತೇನೆ.”

“ದೊಡ್ಡವ ಊಟಕ್ಕೇ ಬರುದಿಲ್ಲ. ಸಣ್ಣವನಿಗೆ ಈಗೀಗ ನನ್ನ ಗುರುತು ಸಿಗ್ತಾ ಉಂಟು. ನಿನ್ನೆ ಪಾತ್ರೆ ತೊಳೆಯುವಾಗ ‘ಅಮ್ಮಾ’ ಅಂದ. ಇನ್ನು ಸ್ವಲ್ಪ ದಿನ.”

“ಅವನು ಗಂಡನನ್ನು ಕಳೆದುಕೊಂಡವನು ಬಾಯಿ. ಆ ದುಃಖ ಅವನಿಗೆ ಬೇಕು. ಅದನ್ನೂ ತೆಗೆದ್ರೆ ಅವನಿಗೆ ಎಂತ ಉಳೀತದೆ? ನಾನು ಸರಿ ಮಾಡಿ ಬರೀತೇನೆ.”

“ಬರೆದ್ರೆ ನಾನು ಎಲ್ಲಿ ಇರುದು?”

ಮೂವತ್ತೊಂದು ವರ್ಷದಲ್ಲಿ ಕಲಂದರ್ ಯಾವ ಗಿರಾಕಿಗೂ ಈ ಮಾತು ಹೇಳಿದವನಲ್ಲ. “ಗೊತ್ತಿಲ್ಲ ಬಾಯಿ,” ಎಂದ.

ಅವಳು ಬ್ಯಾಗು ಪಕ್ಕಕ್ಕಿಟ್ಟು ಎದ್ದಳು. “ನೀವು ಬರೆಯುವ ತನಕ ಅನ್ನಕ್ಕೆ ಇಡ್ತೇನೆ. ಅವನಿಗೆ ಹಸಿವಾಗಿರ್ತದೆ,” ಎಂದು ಅವನ ಪಕ್ಕದಿಂದಲೇ ಹಾದುಹೋದಳು. ಜೆರಾಕ್ಸ್ ಯಂತ್ರದಿಂದ ಆಗತಾನೆ ಹೊರಬಿದ್ದ ಕಾಗದದ ಬಿಸಿ ಅವನ ಕೈಗೆ ತಾಗಿತು.

ಕಲಂದರ್ ಊಟದ ಮೇಜಿನಲ್ಲಿ ಬಟ್ಟಲು ಸರಿಸಿ ಕುಳಿತ. ಸೆಬಾಸ್ಟಿಯನ್ ಕೊಟ್ಟ ಬಿಳಿ ಹಾಳೆಯಲ್ಲಿ ತನಗೆ ಬರುವ ಇಂಗ್ಲಿಷಿನಲ್ಲಿ, ಕೈಯಲ್ಲೇ ಬರೆದ. ನಾನು ಕಲಂದರ್, ಇಂಥ ಊರಿನವನು, ಇಂಥ ನಂಬರಿನ ಇಕಾಮಾ. ಈ ಪತ್ರ ನಾನು ಹಣ ತೆಗೆದುಕೊಂಡು ಮಾಡಿದ ಸುಳ್ಳು ಪತ್ರ. ಈ ಇಬ್ಬರು ಅಣ್ಣತಮ್ಮಂದಿರಲ್ಲ. ಹನ್ನೊಂದು ವರ್ಷ ಒಂದೇ ಮನೆಯಲ್ಲಿ ದಂಪತಿಗಳಂತೆ ಬಾಳಿದರು. ನನಗೆ ಮೊದಲ ದಿನವೇ ಗೊತ್ತಿತ್ತು, ಏಕೆಂದರೆ ಒಬ್ಬನ ಹುಟ್ಟಿದ ದಿನ ಕೇಳಿದರೆ ಇನ್ನೊಬ್ಬ ಹೇಳುತ್ತಿದ್ದ. ಎಕ್ಸ್‌ರೇ ಕೋಣೆಯಲ್ಲಿ ಉಸಿರು ಹಿಡಿದು ನಿಂತ ಕಥೆಯನ್ನೂ, ಕೇಳಿದ್ದು ಕೇಳಿದ ಹಾಗೆ ಬರೆದ. ಅಡಿಗೆಮನೆಯಲ್ಲಿ ನೀರು ಕುದಿಯುವ ಶಬ್ದ, ಮುಚ್ಚಳ ಅಲುಗುವ ಶಬ್ದ ಕೇಳುತ್ತಲೇ ಇತ್ತು. ಸೆಬಾಸ್ಟಿಯನ್ ಕಣ್ಣು ಮುಚ್ಚಿ ಕುಳಿತಿದ್ದ.

ಕೊನೆಯ ಸಾಲು ಉಳಿದಿತ್ತು. ಕಲಂದರ್ ಬರೆದ: ಗೆರ್ಟ್ರೂಡ್ ಬಾಯಿ ಇವರ ತಾಯಿಯಲ್ಲ. ಸಹಿ ಹಾಕಿದ.

ಕುದಿಯುವ ಶಬ್ದ ನಿಂತಿತು.

ಹೋಗಿ ನೋಡಿದರೆ ಒಲೆ ತಣ್ಣಗಿತ್ತು. ಪಾತ್ರೆ ಮುಟ್ಟಲಾಗದಷ್ಟು ಬಿಸಿ. ಒಳಗೆ ಮೂರು ಜನಕ್ಕಾಗುವಷ್ಟು ಕುಚ್ಚಲಕ್ಕಿ, ಅರ್ಧ ಬೆಂದದ್ದು. ಹಿಂದಿನಿಂದ ಸೆಬಾಸ್ಟಿಯನ್, “ಆರ್ಡರ್ ಇಲ್ಲದೆ ಬಿಡುದು ಹೇಗೆ ಅಂದ,” ಎಂದು ತನ್ನಷ್ಟಕ್ಕೆ ಹೇಳಿಕೊಂಡು, ಹೆಣ ಕಳಿಸಿದ ದಿನ ಅಳದಿದ್ದವನು, ನೆಲಕ್ಕೆ ಕುಸಿದು ದೊಡ್ಡ ದನಿಯಲ್ಲಿ ಅತ್ತ.

ಉಳಿದದ್ದು ಕಲಂದರನಿಗೆ ಗೊತ್ತಿರುವ ಕೆಲಸ. ಮೊದಲು ಗಡುವು ಮುಂದಕ್ಕೆ ಹಾಕಿಸಲು ಸೆಬಾಸ್ಟಿಯನ್ನನಿಂದ ಬರೆಸಿದ. ಈ ಹೇಳಿಕೆ ಈ ನೆಲದಿಂದ ಅಂಚೆಯಲ್ಲೋ ಫೋನಿನಲ್ಲೋ ಹೋಗಕೂಡದು, ಸೆಬಾಸ್ಟಿಯನ್ ಕೆಲಸ ಬಿಟ್ಟು ಎಕ್ಸಿಟ್ ವೀಸಾ ಹೊಡೆಸಿಕೊಂಡು ಊರು ಸೇರಿದ ಮೇಲೆ ಅಲ್ಲಿಂದಲೇ ಕಳಿಸಬೇಕೆಂದ. ಹಾಳೆಯನ್ನು ಹಳೇ ಎಕ್ಸ್‌ರೇಗಳ ಲಕೋಟೆಯೊಳಗೆ ಇಡಿಸಿದ. ಇಂಥ ಕಾಗದಕ್ಕೆ ಸಹಿ ಹಾಕಿದವನು ಜುಬೈಲಿನಲ್ಲಿ ಕುಳಿತು ಇನ್ನೊಬ್ಬರ ಅರ್ಜಿ ತುಂಬಿಸುವುದು ಬುದ್ಧಿವಂತಿಕೆಯಲ್ಲ ಎಂದು ತನಗೂ ಹೇಳಿಕೊಂಡು, ಅಂಗಡಿ ಬಿಟ್ಟುಕೊಡಲು ಕಫೀಲನ ಹತ್ತಿರ ಹೋದ.

ದೇರಳಕಟ್ಟೆಯಿಂದ ಹೆಂಡತಿ ಶಮೀರಾ ಫೋನಿನಲ್ಲಿ ಹಾರಿಬಿದ್ದಳು. “ನಿಮಗೆ ತಲೆ ಸರಿ ಉಂಟಾ? ಮನೆಗೆ ಇನ್ನೂ ಸಾರಣೆ ಆಗ್ಲಿಲ್ಲ. ಯಾರದೋ ಸಂಸಾರ ಸರಿ ಮಾಡ್ಲಿಕ್ಕೆ ಹೋಗಿ ನಮ್ಮದನ್ನು ಬೀದಿಗೆ ತರ್ತೀರಾ?”

“ಬೀದಿಗೆ ಅಲ್ಲ, ಊರಿಗೆ.”

“ಊರಿಗೆ ಬಂದು ಎಂತ ಮಾಡುದು? ನನ್ನ ಮುಖ ನೋಡ್ತಾ ಕೂರುದಾ?”

“ಮೂವತ್ತೊಂದು ವರ್ಷದಿಂದ ನೋಡ್ಲಿಲ್ಲ ಅಲ್ವಾ, ಸ್ವಲ್ಪ ದಿನ ಅದನ್ನೇ ಮಾಡುವ,” ಎಂದ ಕಲಂದರ್. ಶಮೀರಾ ಬೈದು ಫೋನ್ ಇಟ್ಟಳು. ಮತ್ತೆ ಮಾಡಿ, ಬರುವಾಗ ಉಮ್ಮನಿಗೆ ಒಂದು ಹೊದಿಕೆ ತನ್ನಿ ಎಂದಳು. ಉಮ್ಮ ಎಂದರೆ ಅವಳ ತಾಯಿ.

ನವೆಂಬರಿನಲ್ಲಿ ಅಮೆರಿಕದ ಕಚೇರಿ ಒಪ್ಪಿಕೊಂಡಿತು. ಸೆಬಾಸ್ಟಿಯನ್ನನಿಗೆ ತಿಂಗಳಿಗೆ ಸುಮಾರು ಒಂದು ಲಕ್ಷ ಮೂವತ್ತೈದು ಸಾವಿರ ರೂಪಾಯಿ, ಹಿಂದಿನ ಬಾಕಿ ಸೇರಿ, ಬದುಕಿರುವ ತನಕ. ಆದೇಶದಲ್ಲಿ ಅವನ ಹೆಸರಿನ ಮುಂದೆ ‘ಮೃತ ಸೈನಿಕನ ಪತಿ’ ಎಂದಿತ್ತು. ಮದುವೆಯ ಫೋಟೋದಲ್ಲಿ ಕೈಗಳು ಮತ್ತೆ ಸೇರಿದ್ದವು. ಕಲಂದರನಿಗೆ ಹೋದದ್ದು ಮೂವತ್ತೊಂದು ವರ್ಷದ ಅಂಗಡಿ. ಅದನ್ನು ಬಿಟ್ಟುಕೊಟ್ಟದ್ದಕ್ಕೆ ಕಫೀಲ ಎಣಿಸಿಕೊಟ್ಟದ್ದು ಒಂಬತ್ತು ಸಾವಿರ ರಿಯಾಲು. ಗೆರ್ಟ್ರೂಡ್ ಬಾಯಿ ಕಳೆದುಕೊಂಡದ್ದು ಇಬ್ಬರು ಮಕ್ಕಳನ್ನು. ಅವರಲ್ಲಿ ಒಬ್ಬ ಬದುಕಿದ್ದ.